ಅಣ್ಣ ಹಗುರ ಮಾಡಿದ ಕಾರು

ನಮ್ಮಣ್ಣ ಬುದ್ಧಿವಂತ. ಈ ಮಾತು ನಾನು ಹೇಳುತ್ತಿಲ್ಲ, ಅವನೇ ಹೇಳಿಕೊಳ್ಳುತ್ತಿದ್ದ. ಮನೆಯಲ್ಲಿ ನೆಟ್ಟಗೆ ಓಡಾಡಿಕೊಂಡಿದ್ದ ಕಾರಿನ ಸೀಟು ಕಿತ್ತು, ಗಾಜು ಬಿಚ್ಚಿ, ಬಾಗಿಲುಗಳ ಹೊಟ್ಟೆ ಬಗೆದು, ಎಲ್ಲವನ್ನೂ ಕೊಟ್ಟಿಗೆಯಲ್ಲಿ ರಾಶಿ ಹಾಕಿ, ಈಗ ಕಾರು ಒಂದು ದಾರಿಗೆ ಬಂತು ಅಂತ ಸೊಂಟದ ಮೇಲೆ ಕೈ ಇಟ್ಟುಕೊಂಡು ನಿಲ್ಲಬೇಕಾದರೆ ಸಾಧಾರಣ ಬುದ್ಧಿ ಸಾಲದು. ನಮ್ಮಂಥ ದಡ್ಡರು ಏನು ಮಾಡುತ್ತೇವೆ? ಕಾರಿಗೆ ಬಾಗಿಲಿದ್ದರೆ ಹಾಕಿಕೊಳ್ಳುತ್ತೇವೆ, ಗಾಜಿದ್ದರೆ ಏರಿಸಿಕೊಳ್ಳುತ್ತೇವೆ, ಸೀಟಿದ್ದರೆ ಕೂತುಕೊಳ್ಳುತ್ತೇವೆ. ಇಷ್ಟೇ ನಮ್ಮ ಯೋಗ್ಯತೆ.

ಅರವತ್ತರ ದಶಕ ಆಗಷ್ಟೇ ಶುರುವಾಗಿತ್ತು. ನಮ್ಮ ಮನೆ ಅಮೃತಹಳ್ಳಿಯಲ್ಲಿ. ಮನೆ ಹಿಂದೆ ಕೊಟ್ಟಿಗೆ, ಕೊಟ್ಟಿಗೆ ಹಿಂದೆ ಬಾವಿ, ಬಾವಿ ಆಚೆಗೆ ದ್ರಾಕ್ಷಿ ತೋಟ. ದ್ರಾಕ್ಷಿ ಅಪ್ಪನ ಕೈ ಹಿಡಿದಿತ್ತು. ಹಿಡಿದ ಮೇಲೆ ಸುಮ್ಮನಿರೋದಕ್ಕಾಗುತ್ತಾ? ದಂಡಿನ ಕಡೆ, ಅಂದರೆ ಕಂಟೋನ್ಮೆಂಟಿನಲ್ಲಿ, ಬಂಗಲೆಯಲ್ಲಿದ್ದ ಒಬ್ಬ ಬಿಳೀ ದೊರೆ ಗಂಟುಮೂಟೆ ಕಟ್ಟಿಕೊಂಡು ತನ್ನ ದೇಶಕ್ಕೆ ಹೊರಟಾಗ ಅವನ ಹಳೇ ಕಾರನ್ನು ಅಪ್ಪ ಕೊಂಡುಕೊಂಡ. ಅಪ್ಪನಿಗೆ ಓಡಿಸೋದಕ್ಕೆ ಬರುತ್ತಿರಲಿಲ್ಲ, ಕಲಿಯುವ ಆಸೆಯೂ ಇರಲಿಲ್ಲ. ಅವನ ಆಸೆಯೆಲ್ಲ ಹಿಂದಿನ ಸೀಟಿನ ಎಡಗಡೆ ಕೂತು, ಗಾಜು ಇಳಿಸಿ, ಬಾಗಿಲ ಮೇಲೆ ಮೊಣಕೈ ಇಟ್ಟುಕೊಂಡು ಹೆಬ್ಬಾಳದ ಮೇಲೆ ಹಾದು ಯಶವಂತಪುರದ ಸ್ಟೇಷನ್ನಿಗೆ ಹೋಗಿ ದ್ರಾಕ್ಷಿ ಪೆಟ್ಟಿಗೆಗಳು ರೈಲು ಹತ್ತೋದನ್ನು ನೋಡಿ ಬರುವುದು. ಅವನು ನೋಡದೆ ಇದ್ದರೆ ಪೆಟ್ಟಿಗೆಗಳು ಇಳಿದು ವಾಪಸ್ ಬಂದುಬಿಡುತ್ತವೇನೋ ಅನ್ನುವ ಹಾಗೆ. ಕಾರು ಓಡಿಸುತ್ತಿದ್ದವನು ಅಣ್ಣ.

ಅಣ್ಣ ಕಾಲೇಜು ಅಂತ ಮಲ್ಲೇಶ್ವರಕ್ಕೆ ಹೋಗಿಬರುತ್ತಿದ್ದ. ಹೋಗಿಬರುವುದನ್ನು ಚೆನ್ನಾಗಿಯೇ ಕಲಿತ, ಮಿಕ್ಕಿದ್ದು ಹತ್ತಲಿಲ್ಲ. ಅಲ್ಲಿ ಅವನಿಗೊಬ್ಬ ಗೆಳೆಯ ಸಿಕ್ಕಿದ. ದಂಡಿನವನು, ಮೋಟಾರ್ ಸೈಕಲ್ಲಿನವನು, ವಿಲಾಯಿತಿಯ ಕಾರಿನ ಪತ್ರಿಕೆಗಳನ್ನು ತರಿಸುತ್ತಿದ್ದವನು. ಆ ಪತ್ರಿಕೆಗಳು ನಮ್ಮ ಮನೆಗೆ ಬಂದವು. ಅಪ್ಪ ಪಂಚಾಂಗ ಇಡುತ್ತಿದ್ದ ಗೂಡಿನಲ್ಲೇ ಅವಕ್ಕೂ ಜಾಗ ಆಯಿತು. ಆಮೇಲೆ ಒಂದು ದಿನ ಊಟದ ಹೊತ್ತಿನಲ್ಲಿ ಅಣ್ಣ ಸುದ್ದಿ ಒದರಿದ. ದೀಪಾವಳಿ ಆದ ಮೇಲೆ ಯಲಹಂಕದ ವಿಮಾನದ ಬಯಲಿನಲ್ಲಿ ಕಾರುಗಳ ರೇಸು ಇಡುತ್ತಾರಂತೆ. ಅದರಲ್ಲಿ ನಮ್ಮ ಕಾರೂ ಓಡುತ್ತದಂತೆ.

ಅಮ್ಮ ಸಾರು ಬಡಿಸುತ್ತಿದ್ದವಳು ಸೌಟು ಹಿಡಿದುಕೊಂಡೇ ಅಪ್ಪನ ಮುಖ ನೋಡಿದಳು. ನಾನು ಕಾದೆ, ಈಗ ಬೀಳುತ್ತೆ ಬೈಗುಳ ಅಂತ. ಅಪ್ಪ ಮುದ್ದೆ ಮುರಿಯೋದನ್ನು ನಿಲ್ಲಿಸಿ ಒಂದೇ ಪ್ರಶ್ನೆ ಕೇಳಿದ. ಅವತ್ತು ಬೇಲಿಯ ಗೇಟು ತೆಗೀತಾರಾ, ಒಳಗೆ ಬಿಡ್ತಾರಾ ಅಂತ. ಜನರನ್ನೆಲ್ಲ ಬಿಡ್ತಾರೆ ಅಂದ ಅಣ್ಣ. ಹಾಗಾದರೆ ಮಾಡಿಕೋ ಅಂತ ಅಪ್ಪ ಮತ್ತೆ ಮುದ್ದೆಗೆ ಕೈ ಹಾಕಿದ. ಒಂದು ಹೊಸ ಪಂಚೆ ಕೊಳ್ಳೋದಕ್ಕೆ ಮೂರು ಅಂಗಡಿ ಹತ್ತಿ ಇಳಿಯುತ್ತಿದ್ದ ಮನುಷ್ಯ ಕಾರನ್ನು ಹೀಗೆ ಎತ್ತಿಕೊಟ್ಟಿದ್ದು ನೋಡಿ ಅಣ್ಣ ತನ್ನ ಮಾತಿನ ಚಮತ್ಕಾರಕ್ಕೆ ತಾನೇ ಬೆರಗಾದ.

ಚಮತ್ಕಾರವೂ ಇಲ್ಲ, ಮಣ್ಣೂ ಇಲ್ಲ. ಆ ವಿಮಾನದ ಬಯಲಿದೆಯಲ್ಲ, ಅಲ್ಲಿ ಮೊದಲು ನಮ್ಮ ಹೊಲವಿತ್ತು. ಯುದ್ಧದ ಕಾಲದಲ್ಲಿ ವಿಮಾನ ಇಳಿಯೋದಕ್ಕೆ ಜಾಗ ಬೇಕಾಗಿ ಸುತ್ತಮುತ್ತಲ ಹೊಲಗಳನ್ನೆಲ್ಲ ತೆಗೆದುಕೊಂಡರು. ನಾನು ಆಗ ತೊಟ್ಟಿಲ ಕೂಸು. ಅಣ್ಣ ಮೈಮೇಲೆ ಬಟ್ಟೆಯಿಲ್ಲದೆ ಬೀದಿಯಲ್ಲಿ ಓಡುತ್ತಿದ್ದ ವಯಸ್ಸು. ಹೊಲ ಹೋಗಿದ್ದಕ್ಕೆ ಅಪ್ಪ ತಲೆ ಮೇಲೆ ಕೈ ಹೊತ್ತು ಕೂರಲಿಲ್ಲವಂತೆ. ಬೇರೆ ಜಮೀನು ಮಾಡಿದ, ಬಾವಿ ತೋಡಿಸಿದ, ದ್ರಾಕ್ಷಿ ಹಬ್ಬಿಸಿದ. ಆದರೆ ಆ ಹಳೇ ಹೊಲದ ಒಂದು ಕಡೆ ನಮ್ಮಜ್ಜಿಯನ್ನು, ಅಂದರೆ ಅಪ್ಪನ ತಾಯಿಯನ್ನು, ಮಣ್ಣು ಮಾಡಿದ್ದರು. ನಮ್ಮವರಲ್ಲಿ ಸತ್ತವರನ್ನು ಅವರವರ ಹೊಲದಲ್ಲೇ ಇಡುವುದು. ವರ್ಷಕ್ಕೊಮ್ಮೆ ಹಿರೇರ ಹಬ್ಬದ ದಿನ ಅವರಿಗೆ ಇಷ್ಟವಾದದ್ದನ್ನೆಲ್ಲ ಮಾಡಿ, ಅವರಿರುವ ಜಾಗಕ್ಕೇ ಹೋಗಿ ಎಲೆ ಹಾಕಿ ಎಡೆ ಇಟ್ಟು ಬರುವುದು. ಅಜ್ಜಿಯ ಜಾಗದ ಮೇಲೆ ಈಗ ಕಾಂಕ್ರೀಟು ಬಿದ್ದಿತ್ತು, ಸುತ್ತ ಮುಳ್ಳುತಂತಿ ಬಂದಿತ್ತು. ಅಪ್ಪ ಪ್ರತಿ ವರ್ಷ ತಂತಿಯ ಈಚೆಗೇ ಎಲೆ ಹಾಸಿ, ಒಳಗಡೆ ಮುಖ ಮಾಡಿ ಎಡೆ ಇಟ್ಟು ಬರುತ್ತಿದ್ದ. ಕಾವಲಿನವನನ್ನು ಒಂದೆರಡು ಸಲ ಕೇಳಿದನಂತೆ, ಐದು ನಿಮಿಷ ಬಿಡಪ್ಪ ಅಂತ. ಅವನೂ ಪಾಪ ಯಾರದೋ ಮಗ, ಆಗಲ್ಲ ಯಜಮಾನರೇ ಅಂತ ಮರ್ಯಾದೆಯಾಗೇ ಹೇಳಿದ. ಹೊರಗೆ ಎಡೆ ಇಟ್ಟರೆ ಬಾಗಿಲಲ್ಲಿ ನಿಲ್ಲಿಸಿ ಊಟ ಹಾಕಿದ ಹಾಗಲ್ಲವಾ ಅಂತ ಅಮ್ಮನ ಹತ್ತಿರ ಒಂದು ಸಲ ಅಂದಿದ್ದನಂತೆ. ಹಾಗಾಗಿ ಅಣ್ಣ ಹೇಳಿದ್ದರಲ್ಲಿ ಅಪ್ಪನ ಕಿವಿಗೆ ಬಿದ್ದದ್ದು ಒಂದೇ ಮಾತು, ಗೇಟು ತೆಗೀತಾರೆ ಅನ್ನೋದು.

ಶುರುವಾಯಿತು ನೋಡಿ ಅಣ್ಣನ ಯಜ್ಞ. ಅವನ ಗೆಳೆಯ ಹೇಳಿಕೊಟ್ಟ ಮಂತ್ರ ಒಂದೇ: ಕಾರು ಹಗುರಾದಷ್ಟೂ ಓಡುತ್ತೆ. ಇಂಜಿನ್ನಿಗೆ ಹೊಸ ಶಕ್ತಿ ತರಬೇಕಾದರೆ ವಿಲಾಯಿತಿಯಿಂದ ಸಾಮಾನು ಬರಬೇಕು. ಭಾರ ಇಳಿಸೋದಕ್ಕೆ ಒಂದು ಸ್ಪ್ಯಾನರ್ ಸಾಕು, ಕೊಂಚ ನಾಚಿಕೆ ಬಿಟ್ಟರೆ ಆಯಿತು. ಮೊದಲು ಸೀಟುಗಳು ಹೋದವು, ಓಡಿಸುವವನದು ಒಂದು ಬಿಟ್ಟು. ಸ್ಟೆಪ್ನಿ ಹೋಯಿತು. ಮುಂದಿನ ಹಿಂದಿನ ಬಂಪರ್ ಹೋದವು. ನೆಲಕ್ಕೆ ಹಾಸಿದ್ದ ರಬ್ಬರ್ ಚಾಪೆಯನ್ನು ಅಮ್ಮ ಬಚ್ಚಲಿಗೆ ಹಾಕಿಕೊಂಡಳು. ಈ ಇಡೀ ರೇಸಿನಿಂದ ಮನೆಗೆ ಆದ ಲಾಭ ಅದೊಂದೇ.

ಆಮೇಲೆ ಬಾಗಿಲುಗಳ ಸರದಿ. ಒಳಗಡೆಯ ರೆಕ್ಸಿನ್ ಹೊದಿಕೆ ಕಿತ್ತ. ಕೈ ಇಡುವ ಪಟ್ಟಿ ಕಿತ್ತ. ಗಾಜು ಏರಿಸಿ ಇಳಿಸುವ ಹಿಡಿ, ಅದರ ಹಿಂದಿನ ಹಲ್ಲುಚಕ್ರ, ಗಾಜು ಜಾರುವ ಕಬ್ಬಿಣದ ದಾರಿ, ಎಲ್ಲ ಒಂದೊಂದಾಗಿ ಹೊರಗೆ ಬಂದವು, ಕುರಿ ಹೊಟ್ಟೆ ಸೀಳಿದಾಗ ಬರುವ ಹಾಗೆ. ಬಾಗಿಲಿನ ಒಳಗೆ ಇಷ್ಟೆಲ್ಲ ಇರುತ್ತೆ ಅಂತ ನನಗೆ ಗೊತ್ತೇ ಇರಲಿಲ್ಲ. ಅದೂ ಸಾಲದೆ, ಮಿಕ್ಕಿದ್ದ ಒಳತಗಡಿಗೆ ಡ್ರಿಲ್ ಹಿಡಿದು ಸಾಲಾಗಿ ತೂತು ಹೊಡೆದ. ಒಂದೊಂದು ತೂತಿನಿಂದ ಒಂದು ಚಿಟಿಕೆ ಕಬ್ಬಿಣದ ಪುಡಿ ಬೀಳುತ್ತಿತ್ತು. ಆ ಚಿಟಿಕೆಯನ್ನು ಅಂಗೈಯಲ್ಲಿ ಹಿಡಿದು ತೂಕ ಅಂದಾಜು ಮಾಡಿ ಅವನು ಖುಷಿಪಡುತ್ತಿದ್ದ. ಬಾಗಿಲು ತೆಗೆಯುವ ಒಳಗಿನ ಹಿಡಿಯೂ ಹೋಗಿ, ಅದರ ಜಾಗಕ್ಕೆ ಒಂದು ಸೆಣಬಿನ ಹುರಿ ಬಂತು. ಹುರಿ ಜಗ್ಗಿದರೆ ಬಾಗಿಲು ತೆರೆಯಬೇಕು. ಒಮ್ಮೊಮ್ಮೆ ಜಗ್ಗದೆಯೂ ತೆರೆಯುತ್ತಿತ್ತು.

ಕಿಟಕಿಗೆ ಗಾಜಿನ ಬದಲು ಪ್ಲಾಸ್ಟಿಕ್ ಹಾಳೆ. ಯುದ್ಧದ ಕಾಲದ ಮುರುಕು ವಿಮಾನಗಳ ಸಾಮಾನು ಮಾರುವ ಗುಜರಿಯವನ ಹತ್ತಿರ ಸಿಕ್ಕಿತಂತೆ, ವಿಮಾನದ ಕಿಟಕಿಗೆ ಹಾಕುವ ಜಾತಿ, ಗಾಜಿನ ಅರ್ಧ ತೂಕವೂ ಇಲ್ಲ. ಮುಂದಿನ ದೊಡ್ಡ ಗಾಜೊಂದನ್ನು ಉಳಿಸಿ, ಮಿಕ್ಕಿದ್ದಕ್ಕೆಲ್ಲ ಅದನ್ನೇ ಬ್ಲೇಡಿನಿಂದ ಕೊಯ್ದು ಸ್ಕ್ರೂ ಹೊಡೆದು ಕೂರಿಸಿದ. ಕೊಯ್ಯುವಾಗ ಹಾಳೆ ನಡುಗದ ಹಾಗೆ ಹಿಡಿದುಕೊಳ್ಳುವ ಕೆಲಸ ನನ್ನದು. ಬಿ.ಎ. ಓದುತ್ತಿದ್ದ ಹುಡುಗಿಗೆ ಮಾಡಿಸಬಹುದಾದ ಬೇರೆ ಕೆಲಸ ಅವನಿಗೆ ಹೊಳೆಯಲಿಲ್ಲ. ಸ್ಕ್ರೂ ಹೊಡೆದ ಮೇಲೆ ಆ ಕಿಟಕಿ ಇಳಿಯುವುದೂ ಇಲ್ಲ, ಏರುವುದೂ ಇಲ್ಲ. ಮಧ್ಯಾಹ್ನ ಒಳಗೆ ಕೂತರೆ ಬೇಯಿಸಿದ ಗೆಣಸಾಗಿ ಇಳಿಯಬೇಕು.

ಕಿತ್ತದ್ದನ್ನೆಲ್ಲ ತೂಗಬೇಕಲ್ಲ. ದ್ರಾಕ್ಷಿ ತೂಗುವ ದೊಡ್ಡ ತಕ್ಕಡಿ ಕೊಟ್ಟಿಗೆಯ ತೊಲೆಯಿಂದ ನೇತಾಡುತ್ತಿತ್ತು, ಅದರಲ್ಲೇ ತೂಗಿದ. ಪತ್ರಿಕೆಯಲ್ಲಿ ಬರೆದಿದ್ದು ಪೌಂಡಿನ ಲೆಕ್ಕ. ಸರ್ಕಾರ ಆಗ ತಾನೇ ಎಲ್ಲರ ಕೈಗೂ ಕಿಲೋ ತೂಕದ ಬಟ್ಟು ಕೊಟ್ಟಿತ್ತು. ಅಪ್ಪನದು ಇನ್ನೂ ಮಣ, ಸೇರು. ಒಂದು ಬಾಗಿಲಿನ ಗಾಜು ಎಷ್ಟು ತೂಗಿತು ಅನ್ನುವುದಕ್ಕೆ ತಂದೆ ಮಗ ಅರ್ಧ ದಿನ ಜಗಳ ಆಡಿದರು, ಇಬ್ಬರದೂ ಸರಿಯಾಗಿಯೇ ಇತ್ತು.

ಕಾರನ್ನು ಬಿಚ್ಚಿ ಮುಗಿದ ಮೇಲೆ ಅಣ್ಣ ತನ್ನನ್ನೇ ಬಿಚ್ಚಿಕೊಳ್ಳತೊಡಗಿದ. ರಾತ್ರಿ ಮುದ್ದೆ ಬಿಟ್ಟ. ಕೂದಲು ಬೋಳಿಸುವ ಹಾಗೆ ಕತ್ತರಿಸಿಕೊಂಡ. ಗಡಿಯಾರ ಬಿಚ್ಚಿಟ್ಟ. ಮಗನಿಗೆ ಯಾರದೋ ಕಣ್ಣು ತಾಗಿದೆ ಅಂತ ಅಮ್ಮ ಮೆಣಸಿನಕಾಯಿ ಉಪ್ಪು ನಿವಾಳಿಸಿ ಒಲೆಗೆ ಹಾಕಿದಳು. ಘಾಟು ಬರಲಿಲ್ಲವಂತೆ, ಅಂದರೆ ಭಾರಿ ದೃಷ್ಟಿಯೇ ಅಂತ ತೀರ್ಮಾನವಾಯಿತು. ನಮಗೆಲ್ಲ ಕೆಮ್ಮು ಬಂದು ಜೀವ ಹೋಗುತ್ತಿತ್ತು, ಅದು ಲೆಕ್ಕಕ್ಕಿಲ್ಲ.

ಈ ನಡುವೆ ಅದೇ ಕಾರಿನಲ್ಲಿ ನಾವು ಸಂಸಾರ ಮಾಡಬೇಕಿತ್ತು, ಅದನ್ನೂ ಹೇಳಿಬಿಡುತ್ತೇನೆ. ಅಬ್ಬಿಗೆರೆಯಲ್ಲಿ ನೆಂಟರ ಮದುವೆ. ಅಮ್ಮ ರೇಷ್ಮೆ ಸೀರೆ ಉಟ್ಟು, ಕಾರಿನ ಬರೀ ತಗಡಿನ ಮೇಲೆ ಗೋಣಿಚೀಲ ಹಾಸಿ, ನನ್ನ ಪಕ್ಕ ಚಕ್ಕಳಮಕ್ಕಳ ಹಾಕಿ ಕೂತಳು. ಗುಂಡಿ ಬಂದಾಗಲೆಲ್ಲ ನಾವಿಬ್ಬರೂ ಮೇಲಕ್ಕೆ ಹೋಗಿ ಬರುತ್ತಿದ್ದೆವು. ಹೊರಗಿನಿಂದ ನೋಡಿದವರಿಗೆ ಹಿಂದಿನ ಕಿಟಕಿಯಲ್ಲಿ ನಮ್ಮ ಎರಡು ತಲೆ ಮಾತ್ರ ಕಾಣಿಸುತ್ತಿತ್ತು. ಇಳಿಯುವಾಗ ಅಮ್ಮನ ಸೆರಗು ಬಾಗಿಲಿನ ತೂತಿಗೆ ಸಿಕ್ಕಿ ಪರ್ ಅಂದಿತು. ಕಾರಿನವರು ಬಂದರು ಅಂತ ಎದ್ದು ನಿಂತಿದ್ದ ಬೀಗರು ಹಾಗೇ ಕೂತರು. ಅಣ್ಣನ ಪಕ್ಕ ಬರೀ ತಗಡಿನ ಮೇಲೆ ಕೂತು ಬಂದಿದ್ದ ಅಪ್ಪ ಮಾತ್ರ ಪಂಚೆ ಕೊಡವಿಕೊಂಡು ಒಳಗೆ ನಡೆದ. ಮೊಣಕೈ ಇಡುವ ಜಾಗ ಹೋಗಿದೆ, ಸೀಟು ಹೋಗಿದೆ, ಮರ್ಯಾದೆ ಹೋಗಿದೆ, ಮನುಷ್ಯನಿಗೆ ಒಂಚೂರು ಸಿಟ್ಟಾದರೂ ಬರಬೇಡವೇ ಅಂತ ನನಗೇ ಸಿಟ್ಟು ಬರುತ್ತಿತ್ತು.

ಹಿರೇರ ಹಬ್ಬ ಬಂತು. ಆ ವರ್ಷ ಅಪ್ಪ ತಂತಿ ಹತ್ತಿರ ಹೋಗಲಿಲ್ಲ. ಮನೆಯಲ್ಲಿ ಹಿರಿಯರಿಗೆಲ್ಲ ಎಡೆ ಇಟ್ಟೆವು. ಅಜ್ಜಿಯದು ಬಾಕಿ ಇರಲಿ, ರೇಸಿನ ದಿನ ಒಳಗೇ ಹೋಗಿ ಇಟ್ಟು ಬರುತ್ತೀನಿ ಅಂದ. ಅಣ್ಣನ ಮುಖ ಸಪ್ಪಗಾಯಿತು. ಆಗ ಬಾಯಿಬಿಟ್ಟ. ಜನರನ್ನು ಒಳಗೇನೋ ಬಿಡುತ್ತಾರೆ, ಆದರೆ ಒಂದು ಪಕ್ಕದಲ್ಲಿ ಹಗ್ಗ ಕಟ್ಟಿರುತ್ತಾರೆ, ಅದರಾಚೆಗೆ ಕಾಲಿಡುವ ಹಾಗಿಲ್ಲ. ಕಾಂಕ್ರೀಟಿನ ಮೇಲೆ ಹೋಗುವುದು ಓಡುವ ಕಾರುಗಳು ಮಾತ್ರ. ಅಪ್ಪ ಎಲ್ಲ ಕೇಳಿಸಿಕೊಂಡು ತೋಟದ ಕಡೆ ಎದ್ದುಹೋದ.

ಮಾರನೇ ದಿನ ಕೊಟ್ಟಿಗೆಯಲ್ಲಿ ಕೊನೇ ತೂಕ ನಡೆಯುತ್ತಿತ್ತು. ಕಿತ್ತದ್ದನ್ನೆಲ್ಲ, ಗಾಜು, ಹಲ್ಲುಚಕ್ರ, ರೆಕ್ಸಿನ್, ಸೀಟು, ಬಂಪರ್, ಎಲ್ಲವನ್ನೂ ಒಟ್ಟಿಗೆ ಒಂದು ತಟ್ಟೆಗೆ ಪೇರಿಸಿ ಹಗ್ಗ ಬಿಗಿದಿದ್ದ ಅಣ್ಣ. ಇನ್ನೊಂದಕ್ಕೆ ಬಟ್ಟು ಹುಡುಕುತ್ತಿದ್ದ. ಅಪ್ಪ ಬಂದವನು ಚಪ್ಪಲಿ ಬಿಟ್ಟು, ಪಂಚೆ ಎತ್ತಿಕಟ್ಟಿ, ಖಾಲಿ ತಟ್ಟೆಗೆ ಹತ್ತಿ ಕುಕ್ಕರಗಾಲಲ್ಲಿ ಕೂತ. ತೊಲೆ ಕಿರ್ ಅಂದಿತು. ತಕ್ಕಡಿಯ ದಂಡಿಗೆ ಮೇಲೆ ಕೆಳಗೆ ಆಡಿ ಆಡಿ ಹೆಚ್ಚೂಕಡಿಮೆ ಸಮಕ್ಕೆ ಬಂದು ನಿಂತಿತು. ಇಷ್ಟು ತಿಂಗಳು ಬೆವರು ಸುರಿಸಿ, ಉಗುರು ಕಿತ್ತುಕೊಂಡು, ಮುದ್ದೆ ಬಿಟ್ಟು ನಮ್ಮಣ್ಣ ಕಾರಿನಿಂದ ಇಳಿಸಿದ್ದು ಸರಿಯಾಗಿ ಒಬ್ಬ ಅಪ್ಪನಷ್ಟು.

“ಅಂಗಾದ್ರೆ ನಾ ಒಬ್ಬ ಕೂತ್ರೆ ಮೊದ್ಲು ಎಷ್ಟಿತ್ತೋ ಅಷ್ಟೇ ಆಯ್ತು,” ಅಂದ ಅಪ್ಪ ತಟ್ಟೆಯಿಂದಲೇ. “ಎಚ್ಗೇನೂ ಆಗಿಲ್ವಲ್ಲ.”

ನನಗೆ ನಗು ತಡೆಯಲಿಲ್ಲ. ಅಣ್ಣನಿಗೆ ಅಳು ಬರುವುದೊಂದು ಬಾಕಿ. ಅಪ್ಪನಿಗೆ ಅವನು ಬಿಡಿಸಿ ಬಿಡಿಸಿ ಹೇಳಿದ. ರೇಸಿನ ದಿನ ಪಕ್ಕದಲ್ಲಿ ಯಾರನ್ನೂ ಕೂರಿಸುವ ಹಾಗೇ ಇಲ್ಲ. ಅದರ ಹಿಂದಿನ ದಿನ ಒಂದು ಪ್ರಾಕ್ಟೀಸು ಇರುತ್ತೆ. ಅವತ್ತು ಪ್ರತಿ ಕಾರಿಗೂ ಸ್ವಲ್ಪ ಹೊತ್ತು ಓಡಲು ಬಿಟ್ಟು ಗಡಿಯಾರ ಹಿಡಿದು ನೋಡುತ್ತಾರೆ. ಗೆಳೆಯ ಹೇಳಿದ ಹಾಗೆ ಪ್ರಾಕ್ಟೀಸಿನಲ್ಲಿ ಪಕ್ಕದಲ್ಲಿ ಮೆಕ್ಯಾನಿಕ್ ಕೂತರೆ ನಡೆಯುತ್ತೆ. ಆದರೆ ಅವತ್ತು ನಿಧಾನವಾದವರನ್ನು ಮಾರನೇ ದಿನ ರೇಸಿಗೇ ಸೇರಿಸುವುದಿಲ್ಲ. ಅಪ್ಪನನ್ನು ಕೂರಿಸಿಕೊಂಡು, ನಡುವೆ ನಿಲ್ಲಿಸಿ, ಇಳಿಸಿ, ಎಡೆ ಇಡಿಸಿ, ಮತ್ತೆ ಹತ್ತಿಸಿಕೊಂಡರೆ ರೇಸು ಅಲ್ಲಿಗೇ ಮುಗಿಯಿತು. ಅಪ್ಪ ತಟ್ಟೆಯಿಂದ ಇಳಿದು ಚಪ್ಪಲಿ ಮೆಟ್ಟಿಕೊಂಡ. ಅವನು ಕೂಗಾಡಲಿಲ್ಲ.

“ನೀನು ಓಡ್ಸೋದು ನಮ್ಮವ್ವನ ಮ್ಯಾಲೆ ಕಣ್ಲಾ. ಒಂದ್ ಸಲ ನಿಲ್ಸಿ ಒಂದ್ ತುತ್ತು ಇಟ್ಟು ಓಗು ಅಂತೀನಿ. ಅಷ್ಟೇ.”

ಆಮೇಲೆ ಮನೆಯಲ್ಲಿ ತಂದೆ ಮಗನಿಗೆ ಮಾತಿಲ್ಲ. ಅಣ್ಣ ಮುಖ ಊದಿಸಿಕೊಂಡು ಕಾರಿನ ಕೆಳಗೆ ಮಲಗಿದ್ದರೆ ಅಪ್ಪ ಮುಖ ಊದಿಸಿಕೊಂಡು ದ್ರಾಕ್ಷಿ ಬಳ್ಳಿಯ ಕೆಳಗೆ. ನಡುವೆ ದೂತನ ಕೆಲಸ ನನಗೆ. ಊಟಕ್ಕೆ ಬರಬೇಕಂತೆ ಅಂತ ಇಲ್ಲಿ ಹೇಳು, ಹಸಿವಿಲ್ಲವಂತೆ ಅಂತ ಅಲ್ಲಿ ಹೇಳು. ಹೊರಗೆ ನಾನು ಇಬ್ಬರನ್ನೂ ಗೇಲಿ ಮಾಡುತ್ತಿದ್ದೆ. ನಿಜ ಹೇಳಬೇಕಾದರೆ ಇಬ್ಬರ ಮೇಲೂ ಸಂಕಟವಾಗುತ್ತಿತ್ತು. ಅಣ್ಣ ಹುಟ್ಟಿದಾಗಿನಿಂದ ಒಂದು ಕೆಲಸವನ್ನೂ ಕೊನೆ ಮುಟ್ಟಿಸಿದವನಲ್ಲ. ಇದೊಂದನ್ನು ಮುಟ್ಟಿಸಿದ್ದ. ಅಪ್ಪನೋ, ಇಪ್ಪತ್ತು ವರ್ಷದ ಹತ್ತಿರ ತಂತಿಯ ಈಚೆ ನಿಂತವನು.

ಅಮ್ಮ ಯಾರ ಪಕ್ಷವನ್ನೂ ಹಿಡಿಯಲಿಲ್ಲ, ತನ್ನದೇ ಒಂದು ಪಕ್ಷ ಮಾಡಿಕೊಂಡಳು. ಪ್ರಾಕ್ಟೀಸಿನ ಹಿಂದಿನ ದಿನ ಅಣ್ಣ ಗೆಳೆಯನ ಮನೆಗೆ ಹೋಗಿದ್ದಾಗ ಕಾರಿನ ಕಿಟಕಿಗಳು ಅವಳಿಗೆ ಮಂಕಾಗಿ ಕಂಡವಂತೆ. ಅತ್ತೆ ಇರುವ ಜಾಗಕ್ಕೆ ಇಷ್ಟು ವರ್ಷದ ಮೇಲೆ ಹೋಗುವಾಗ ಇಂಥ ಕೊಳಕು ಗಾಜಿನ ಕಾರಿನಲ್ಲಾ? ಬದುಕಿದ್ದಾಗಲೇ ಸೊಸೆ ಚೊಕ್ಕಟವಿಲ್ಲ ಅಂತ ಊರೆಲ್ಲ ಹೇಳಿಕೊಂಡು ಬಂದ ಹೆಂಗಸು ಅದು. ಅಮ್ಮ ಒಲೆಯ ಬೂದಿ ತಂದಳು, ಹುಣಸೆಹಣ್ಣು ತಂದಳು, ತೆಂಗಿನ ನಾರು ತಂದಳು. ಹಿತ್ತಾಳೆ ಕೊಡ ಉಜ್ಜುವ ಹಾಗೆ ವಿಮಾನದ ಪ್ಲಾಸ್ಟಿಕ್ಕನ್ನು ಉಜ್ಜಿದಳು. ಉಜ್ಜಿದಷ್ಟೂ ಮಂಕಾಯಿತು, ಮಂಕಾದಷ್ಟೂ ಉಜ್ಜಿದಳು. ಅಣ್ಣ ಬಂದು ನೋಡಿದಾಗ ಕಿಟಕಿಗಳೆಲ್ಲ ನೀರುಮಜ್ಜಿಗೆ ಬಣ್ಣಕ್ಕೆ ತಿರುಗಿದ್ದವು. ಆಚೆಗಡೆ ಎಮ್ಮೆ ನಿಂತಿದೆಯೋ ಮನುಷ್ಯ ನಿಂತಿದ್ದಾನೋ ತಿಳಿಯುವಂತಿರಲಿಲ್ಲ. ಬಾಗಿಲಿಗೆ ಹಣೆ ಆನಿಸಿಕೊಂಡು ನಿಂತ, ಪಾಪ. ಎಷ್ಟು ಉಜ್ಜಿದರೂ ಕೊಳೆ ಹೋಗ್ಲಿಲ್ಲ ಕಣೋ ಅಂತ ಅಮ್ಮನ ದೂರು ಬೇರೆ.

ಮಾರನೇ ಬೆಳಿಗ್ಗೆ ನಾನು ಎದ್ದು ಹೊರಗೆ ಬಂದಾಗ ಅಣ್ಣ ಎಡಗಡೆಯ ಬಾಗಿಲಿನ ಮುಂದೆ ಕುಕ್ಕರಗಾಲಲ್ಲಿ ಕೂತು ಕಿಟಕಿಯ ಸ್ಕ್ರೂಗಳನ್ನು ಬಿಚ್ಚುತ್ತಿದ್ದ. ಮಂಕು ಹಾಳೆಯನ್ನು ಪೂರ್ತಿ ತೆಗೆದು ಗೋಡೆಗೆ ಒರಗಿಸಿದ. ಆಮೇಲೆ ಗೋಣಿಚೀಲದೊಳಗೆ ಹುಲ್ಲು ತುಂಬಿ, ಬಾಯಿ ಹೊಲಿದು, ತನ್ನ ಸೀಟಿನ ಪಕ್ಕದ ಖಾಲಿ ಜಾಗದಲ್ಲಿ ಇಟ್ಟು, ಮೇಲೆ ಕೂತು ಎದ್ದು ನೋಡಿದ. ಇದೇನು ಅಂದೆ. ಕಿಟಕಿ ತೆಗೆದರೆ ಇನ್ನೂ ಹಗುರ ಆಗುತ್ತೆ ಅಂದ. ನಾನು ಹುಲ್ಲಿನ ಮೂಟೆಯ ವಿಷಯ ಕೇಳಿದ್ದೆ ಅಂತ ಅವನಿಗೂ ಗೊತ್ತಿತ್ತು. ಹೋಗಿ ಅಪ್ಪನನ್ನು ಎಬ್ಬಿಸು ಅಂದ.

ಅಪ್ಪನನ್ನು ಎಬ್ಬಿಸುವುದೇನು ಬಂತು? ಅವನು ಆಗಲೇ ಸ್ನಾನ ಮಾಡಿ, ಬಿಳೀ ರುಮಾಲು ಸುತ್ತಿ, ಜಗಲಿಯ ಮೇಲೆ ಕೂತಿದ್ದ. ಅಮ್ಮ ನಸುಕಿಗೇ ಎದ್ದು ಅಡುಗೆ ಮಾಡಿ ಬಾಳೆ ಎಲೆಯಲ್ಲಿ ಕಟ್ಟಿದ್ದಳು. ಮುದ್ದೆ, ಹುರುಳಿ ಸಾರು ಒಂದು ಪುಟ್ಟ ಚೊಂಬಿನಲ್ಲಿ, ವಡೆ, ಎಳ್ಳುಂಡೆ, ಎಲೆ ಅಡಿಕೆ, ಅಜ್ಜಿಗೆ ಬೇಕೇಬೇಕಾಗಿದ್ದ ಹೊಗೆಸೊಪ್ಪು. ನಾವು ನಾಲ್ಕೂ ಜನ ಆ ತಗಡಿನ ಡಬ್ಬಿಯಲ್ಲಿ ಯಲಹಂಕಕ್ಕೆ ಹೊರಟೆವು.

ಗೇಟಿನ ಒಳಗೆ ನನ್ನನ್ನೂ ಅಮ್ಮನನ್ನೂ ಹಗ್ಗದ ಈಚೆ ಇಳಿಸಿದರು. ಬಿಳೀ ಪ್ಯಾಂಟು, ಹ್ಯಾಟು, ಕೊರಳಲ್ಲಿ ಗಡಿಯಾರ ತೂಗಿಹಾಕಿಕೊಂಡ ಒಬ್ಬ ಸಾಹೇಬರು ಬಂದು ಕಾರಿನೊಳಗೆ ಬಗ್ಗಿ ನೋಡಿದರು. ರುಮಾಲು ಸುತ್ತಿ ಹುಲ್ಲಿನ ಮೂಟೆಯ ಮೇಲೆ ಕೂತಿದ್ದ ಅಪ್ಪನನ್ನು ಕಂಡು ಇವರ್ಯಾರು ಅಂದರು. ಮೆಕ್ಯಾನಿಕ್ ಅಂದ ಅಣ್ಣ. ಅಪ್ಪ ಗಂಭೀರವಾಗಿ ತಲೆಯಾಡಿಸಿದ. ತೊಡೆಯ ಮೇಲಿನ ಗಂಟು ತೋರಿಸಿ ಅದೇನು ಅಂದರು. ರಿಪೇರಿ ಸಾಮಾನು ಅಂದ. ಹುರುಳಿ ಸಾರಿನ ಘಮ ಹಗ್ಗದ ಈಚೆ ನಮಗೇ ಬರುತ್ತಿತ್ತು. ಸಾಹೇಬರಿಗೆ ಮೂಗು ಕಟ್ಟಿತ್ತೋ, ಮನಸ್ಸು ದೊಡ್ಡದಿತ್ತೋ, ಹೋಗಿ ಅಂದರು.

ಆ ಬಯಲಿನಲ್ಲಿ ಅವತ್ತು ಎಂತೆಂಥ ಕಾರುಗಳಿದ್ದವು. ಕೆಂಪು, ಹಸಿರು, ಮೂತಿ ಉದ್ದದವು, ಮೇಲ್ಛಾವಣಿಯೇ ಇಲ್ಲದವು. ಬರ್ ಅಂತ ಹೋಗುತ್ತಿದ್ದವು, ಬರ್ ಅಂತ ಬರುತ್ತಿದ್ದವು. ಅವುಗಳ ನಡುವೆ ಎಲ್ಲಕ್ಕಿಂತ ಹಗುರ ಅಂತ ನಮ್ಮಣ್ಣ ಎದೆ ತಟ್ಟಿಕೊಳ್ಳುತ್ತಿದ್ದ ಕಾರು ಎತ್ತಿನ ಗಾಡಿಯ ನಡಿಗೆಯಲ್ಲಿ ಹೊರಟಿತು. ಹಿಂದಿನಿಂದ ಬಂದವರೆಲ್ಲ ಹಾರ್ನ್ ಬಾರಿಸಿ ದಾಟಿ ಹೋದರು. ಕಿಟಕಿಯಿಲ್ಲದ ಬಾಗಿಲಿನಿಂದ ಅಪ್ಪನ ರುಮಾಲು ಹೊರಗೆ ಚಾಚಿಕೊಂಡಿತ್ತು. ಆ ಕಡೆ ನೋಡುತ್ತಾನೆ, ಈ ಕಡೆ ನೋಡುತ್ತಾನೆ, ಕೈ ತೋರಿಸುತ್ತಾನೆ. ಕಾರು ಬಯಲಿನ ತುದಿಯವರೆಗೆ ಹೋಯಿತು, ತಿರುಗಿತು, ವಾಪಸ್ ಬಂತು. ಇನ್ನೊಂದು ಸಲ ಹೋಯಿತು. ನಮ್ಮ ಪಕ್ಕ ನಿಂತಿದ್ದವರು ನಗೋದಕ್ಕೆ ಶುರು ಮಾಡಿದರು. ಇವನ್ಯಾರು ಗುರು, ಸೈಟು ನೋಡೋಕೆ ಬಂದಿದಾನಾ ಅಂದ ಒಬ್ಬ. ಬೇರೆ ದಿನವಾಗಿದ್ದರೆ ಅದಕ್ಕಿಂತ ಚೆನ್ನಾಗಿ ನಾನೇ ಹೇಳುತ್ತಿದ್ದೆ. ಅವತ್ತು ಅವನ ಕೆನ್ನೆಗೆ ಬಾರಿಸುವಷ್ಟು ಕೋಪ ಬಂತು.

ಮೂರನೇ ಸಲ ಹೋದಾಗ ನಡುವೆ ಒಂದು ಕಡೆ ಕಾರು ನಿಂತಿತು. ಅಣ್ಣ ಇಳಿದು ಸುತ್ತಿ ಬಂದು ಅಪ್ಪನ ಬಾಗಿಲು ತೆಗೆದ. ಹುರಿ ಕಚ್ಚಿಕೊಂಡಿತ್ತೋ ಏನೋ, ಕಿಟಕಿಯೊಳಗೆ ಕೈ ಹಾಕಿ ಒಂದೆರಡು ಸಲ ಜಗ್ಗಿದ. ಅಪ್ಪ ಇಳಿದು, ಚಪ್ಪಲಿ ಬಿಟ್ಟು, ಕಾದ ಕಾಂಕ್ರೀಟಿನ ಮೇಲೆ ಮಂಡಿಯೂರಿ ಎಲೆ ಬಿಚ್ಚಿದ. ಅಣ್ಣ ಬರುವ ಕಾರುಗಳಿಗೆ ಅಡ್ಡವಾಗಿ ಎರಡೂ ಕೈ ಚಾಚಿ ನಿಂತುಕೊಂಡ. ಅಮ್ಮ ಹಗ್ಗದ ಈಚೆಯಿಂದಲೇ ಕೈ ಮುಗಿದಳು. ಅಷ್ಟರಲ್ಲಿ ಬಾವುಟ ಬೀಸಿಕೊಂಡು ಜನ ಓಡಿದರು, ಸಾಹೇಬರೂ ಓಡಿದರು, ಹ್ಯಾಟು ಬಿದ್ದುಹೋಯಿತು. ಅಪ್ಪ ಅವರು ಹತ್ತಿರ ಬರುವವರೆಗೂ ಮೇಲೇಳಲಿಲ್ಲ. ದೂರದಿಂದ ಅವನ ಬೆನ್ನು ಮಾತ್ರ ನಮಗೆ ಕಾಣುತ್ತಿತ್ತು.

ಕಾರನ್ನು ಪಕ್ಕಕ್ಕೆ ತಂದು ನಿಲ್ಲಿಸಿದ ಮೇಲೆ ಸಾಹೇಬರು ಅಣ್ಣನನ್ನು ಒಂದು ಕಡೆ ಕರೆದು ಇಂಗ್ಲಿಷಿನಲ್ಲಿ ಅರ್ಚನೆ ಮಾಡತೊಡಗಿದರು. ನಾಳೆಯ ರೇಸಿಗೆ ಇವನಿಲ್ಲ ಅನ್ನುವುದು ಅಷ್ಟು ದೂರದಿಂದಲೇ ತಿಳಿಯುತ್ತಿತ್ತು. ಅಣ್ಣ ಬೋಳುತಲೆ ತಗ್ಗಿಸಿ ಎಲ್ಲದಕ್ಕೂ ಯೆಸ್ ಸರ್ ಅನ್ನುತ್ತಿದ್ದ. ಅಪ್ಪ ಖಾಲಿ ಚೊಂಬು ಹಿಡಿದುಕೊಂಡು ನಮ್ಮ ಹತ್ತಿರ ನಡೆದು ಬಂದ. ಅಮ್ಮ ಮೆಲ್ಲಗೆ ಕೇಳಿದಳು, ಜಾಗ ಸಿಕ್ತಾ ಅಂತ.

ಅಪ್ಪ ಹಿಂದಕ್ಕೆ ತಿರುಗಿ ಅಣ್ಣ ದೂರದಲ್ಲೇ ಇದ್ದಾನೆ ಅಂತ ನೋಡಿಕೊಂಡ.

“ಎಲ್ಲಿ ಸಿಕ್ತದೆ. ಎಲ್ಲಾ ಒಂದೇ ತರ ಸಪಾಟಾಗದೆ. ಬಾವಿ ಇಲ್ಲ, ಬದು ಇಲ್ಲ, ಒಂದು ಮರ ಇಲ್ಲ. ಎಲ್ಲಂತ ಉಡುಕ್ಲಿ? ಎಲ್ರೂ ನಗ್ತಾವ್ರೆ, ಈ ಮಗ ಅಲ್ಲೇನಪ್ಪಾ ಇಲ್ಲೇನಪ್ಪಾ ಅಂತ ಕೇಳ್ಕಂಡು ಮೆಲ್ಲಗೆ ಓಡ್ಸ್ತಾನೇ ಅವ್ನೆ. ತಡಕೊಳಕಾಗ್ಲಿಲ್ಲ. ಒಂದ್ಕಡೆ ಇಲ್ಲೇ ನಿಲ್ಸು ಅಂದ್ಬುಟ್ಟೆ.”

ಅಮ್ಮ ಅವನ ಕೈಯಿಂದ ಚೊಂಬು ತೆಗೆದುಕೊಂಡಳು. ನಾನು ಬಗ್ಗಿ ಅವನ ಪಂಚೆಯ ಮಂಡಿಗೆ ಅಂಟಿದ್ದ ಧೂಳು ಕೊಡವಿದೆ.

ಅಣ್ಣ ಬೈಸಿಕೊಂಡು ಮುಗಿಸಿ ಬಂದ. ಬೆವರು ಸುರಿಯುತ್ತಿತ್ತು. ರೇಸು ಹೋಯಿತು ಅನ್ನುವ ಮಾತೇ ಎತ್ತಲಿಲ್ಲ. ಅಪ್ಪನ ಮುಂದೆ ಬಂದು ನಿಂತು, ಚಿಕ್ಕ ಹುಡುಗನ ಹಾಗೆ ಕೇಳಿದ.

“ಅಜ್ಜಿ ಇರೋ ಕಡೆನೇ ನಿಲ್ಲಿಸಿದ್ನಾ ಅಪ್ಪಾ? ಸರಿಯಾಗಿ ಅಲ್ಲೇ ತಾನೆ?”

“ಊಂ ಕಣಪ್ಪ,” ಅಂದ ಅಪ್ಪ, ರುಮಾಲು ಬಿಚ್ಚಿ ಅವನ ಮುಖದ ಬೆವರು ಒರೆಸುತ್ತಾ. “ಸರ್ಯಾಗಿ ಅಲ್ಲೇ ನಿಲ್ಸ್ದೆ.”